ಶಿಶುನಾಳ ಶರೀಫ ಸಾಹೇಬರ ಪೂರ್ವಜೀವನವೂ ಅವರ ಪದಗಳ ಪಾಠವಿಚಾರವೂ

ಧಾರವಾಡ ಸೀಮೆಯಲ್ಲಿ ಭಜನೆಗೆ ಕುಳಿತವರ ಬಾಯಿಂದ ಶಿಶುನಾಳ ಶರೀಫ ಸಾಹೇಬರ (೧೮೧೯–೧೮೮೯) ಪದವೊಂದು ಕೇಳಿಬಾರದ ಊರು ವಿರಳ. ಅವರನ್ನು ಸಂತರೆಂದು ಪೂಜಿಸುವವರು ಬಹುಮಂದಿ. ಹಿಂದೂ-ಮುಸಲ್ಮಾನರ ಸೌಹಾರ್ದಕ್ಕೆ ದೃಷ್ಟಾಂತವೆಂದು ಹೇಳುವವರೂ ಬಹುಮಂದಿ. ಈ ಎರಡು ಗೌರವಗಳೂ ಯುಕ್ತವಾದವೇ. ಆದರೆ ತಾವೇ ಪದವನ್ನು ಕಟ್ಟಿ, ತಾವೇ ಹಾಡಿ, ಅರಸನ ಆಸ್ಥಾನವನ್ನಾಗಲಿ ಮಠದ ಪೀಠವನ್ನಾಗಲಿ ಸರಕಾರದ ಸಂಬಳವನ್ನಾಗಲಿ ನೆಚ್ಚದೆ ಬಾಳಿದ ಕವಿಯೆಂಬ ದೃಷ್ಟಿಯಿಂದ ಅವರನ್ನು ವಿಚಾರಿಸುವುದು ಕಡಮೆ. ಆ ಸ್ವಾತಂತ್ರ್ಯವು ಅವರ ಪೂರ್ವಜೀವನದಲ್ಲಿ ಹೇಗೆ ಸಿದ್ಧವಾಯಿತು, ಅವರ ಪದಗಳಿಗೆ ಅದರಿಂದಾದ ಲಾಭವೇನು, ಹಾನಿಯೇನು ಎಂಬುದನ್ನು ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಇಂತಹ ವಿಚಾರಕ್ಕೆ ದೊರೆಯುವ ಆಧಾರಗಳು ಎರಡು ತೆರನಾದವು. ಶಿಷ್ಯಪರಂಪರೆಯಲ್ಲಿಯೂ ಊರವರ ನೆನಪಿನಲ್ಲಿಯೂ ಉಳಿದು ಬಂದ ಐತಿಹ್ಯ ಒಂದು; ಪದಗಳೇ ತಮ್ಮೊಳಗೆ ಇಟ್ಟುಕೊಂಡಿರುವ ಸಾಕ್ಷ್ಯ ಮತ್ತೊಂದು. ಎರಡನೆಯದು ಮೊದಲನೆಯದನ್ನು ಸಮರ್ಥಿಸುವ ಕಡೆಯಲ್ಲಿ ನಾವು ಧೈರ್ಯವಾಗಿ ಮುಂದುವರಿಯಬಹುದು. ಮಿಕ್ಕೆಡೆಗಳಲ್ಲಿ ಐತಿಹ್ಯವನ್ನು ಐತಿಹ್ಯವೆಂದೇ ಹೇಳುವುದು ಕ್ಷೇಮ.

೧. ದೇಶಕಾಲಗಳು

ಶಿಶುನಾಳವು ಶಿಗ್ಗಾವಿ ತಾಲ್ಲೂಕಿನ ಒಂದು ಗ್ರಾಮ. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು ೧೯೯೭ರಲ್ಲಿ ಹಾವೇರಿ ಜಿಲ್ಲೆ ಏರ್ಪಟ್ಟಾಗ ಅದಕ್ಕೆ ಸೇರಿತು. ಕನಕದಾಸರ ಬಾಡವೂ ಇದೇ ತಾಲ್ಲೂಕಿನದೆಂಬುದನ್ನು ವಾಚಕರು ನೆನೆಯಬಹುದು. ಶರೀಫರ ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಸಮೀಪದ ಹುಲಗೂರಿನ ಸೂಫಿ ಸಂತ ಹಜರೇಶ ಖಾದರಿಯವರಲ್ಲಿ ಈ ದಂಪತಿಗಳಿಗೆ ಅಪಾರ ಭಕ್ತಿ. ಅವರ ಅನುಗ್ರಹದಿಂದಲೇ ಪುತ್ರಲಾಭವಾಯಿತೆಂದು ಐತಿಹ್ಯ. ಮುಸಲ್ಮಾನರು ಪೀರರೆಂದೂ ಲಿಂಗವಂತರು ಖಾದರಲಿಂಗರೆಂದೂ ಪೂಜಿಸುವ ಸಂತರ ನೆರೆಯಲ್ಲಿ ಹುಟ್ಟಿದ ಮಗುವಿಗೆ ಎರಡು ಧರ್ಮಗಳ ಮಾತೂ ಮನೆಯ ಮಾತೇ ಆಗಿದ್ದಿತು. ಇಮಾಮ ಸಾಹೇಬರು ಮಗನಿಗೆ ರಾಮಾಯಣ-ಭಾರತಗಳ ಕಥೆಗಳನ್ನೂ ಅಲ್ಲಮಪ್ರಭುವಿನ ವಿಚಾರಗಳನ್ನೂ ಬಾಲ್ಯದಲ್ಲಿಯೇ ಹೇಳಿಕೊಡುತ್ತಿದ್ದರೆಂಬ ಮಾತು ಆದುದರಿಂದ ಅಸಂಭಾವ್ಯವಲ್ಲ.

ಕಾಲವೂ ಗಮನಾರ್ಹವಾದುದು. ೧೮೧೮ರಲ್ಲಿ ಪೇಶವೆಯ ಆಳಿಕೆ ಮುಗಿದು ಧಾರವಾಡ ಸೀಮೆಯು ಕುಂಪಣಿ ಸರಕಾರದ ವಶವಾಯಿತು. ಶರೀಫರು ಹುಟ್ಟಿದುದು ಅದರ ಮರುವರ್ಷ. ರಾಜ್ಯ ಬದಲಾದರೂ ಕಚೇರಿಯ ಭಾಷೆ ಬದಲಾಗಲಿಲ್ಲ. ಮರಾಠಿಯೂ ಮೋಡಿ ಲಿಪಿಯೂ ಮುಂದುವರಿದುವು. ಡೆಪ್ಯುಟಿ ಚನ್ನಬಸಪ್ಪನವರಂತಹ ಮಹನೀಯರು ಕನ್ನಡ ಶಾಲೆಗಳಿಗಾಗಿ ದುಡಿದು ಆ ಭಾಗದಲ್ಲಿ ಕನ್ನಡಕ್ಕೆ ನೆಲೆಯನ್ನು ಕಲ್ಪಿಸಿದುದು ೧೮೬೦ರ ಈಚೆಗೆ. ಅದಕ್ಕೆ ಮುಂಚೆ ಓದುಬರಹ ಬಲ್ಲ ತರುಣನಿಗೆ ಜೀವನೋಪಾಯದ ದಾರಿ ಮರಾಠಿಯ ಮೂಲಕವೇ ಇದ್ದಿತು.

೨. ವಿದ್ಯಾಭ್ಯಾಸ, ಉದ್ಯೋಗ, ಬಯಲಾಟ

ಶರೀಫರು ಊರಿನ ಕೂಲಿಮಠದಲ್ಲಿ ಅಕ್ಷರಾಭ್ಯಾಸ ಮಾಡಿದರೆಂದೂ, ಕನ್ನಡ, ಮರಾಠಿ, ಉರ್ದು ಭಾಷೆಗಳನ್ನೂ ಮೋಡಿ ಬರಹವನ್ನೂ ಕಲಿತು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾದರೆಂದೂ, ಸುತ್ತಣ ಹಳ್ಳಿಗಳಲ್ಲಿ ಕೆಲವು ಕಾಲ ಶಾಲಾ ಉಪಾಧ್ಯಾಯರಾಗಿದ್ದರೆಂದೂ ಪರಂಪರೆ ಹೇಳುತ್ತದೆ. ಈ ಅಂಶಕ್ಕೆ ನಾವು ಕೊಡಬೇಕಾದಷ್ಟು ಮಹತ್ತ್ವವನ್ನು ಕೊಟ್ಟಂತೆ ತೋರುವುದಿಲ್ಲ. ತತ್ತ್ವಪದಕಾರರೆಂದರೆ ನಿರಕ್ಷರರಾದ ಅನುಭಾವಿಗಳೆಂದು ಭಾವಿಸುವ ಅಭ್ಯಾಸ ನಮ್ಮಲ್ಲಿದೆ. ಶರೀಫರ ವಿಷಯದಲ್ಲಿ ಇದು ಸಲ್ಲದು. ಅವರು ಬರೆಯಲು ಬಾರದೆ ಹಾಡಿದವರಲ್ಲ. ಬರೆಯಬಲ್ಲವರಾಗಿದ್ದೂ ಹಾಡನ್ನೇ ಆರಿಸಿಕೊಂಡವರು.

ಉಪಾಧ್ಯಾಯವೃತ್ತಿಯ ಜೊತೆಯಲ್ಲಿಯೇ ಅವರಿಗೆ ಬಯಲಾಟದ ಹವ್ಯಾಸವೂ ಇದ್ದಿತೆನ್ನುತ್ತಾರೆ. ಬಯಲಾಟವು ಆ ಸೀಮೆಯ ಹಳ್ಳಿಗರಿಗೆ ಪುರಾಣಶಾಲೆ, ಸಂಗೀತಶಾಲೆ ಎರಡೂ ಆಗಿದ್ದಿತು. ರಾತ್ರಿಯೆಲ್ಲ ಎಚ್ಚರವಾಗಿ ಕುಳಿತ ಜನಸಮೂಹವನ್ನು ಹಿಡಿದು ನಿಲ್ಲಿಸುವುದು ಹೇಗೆ, ಪಲ್ಲವಿಯನ್ನು ಎಲ್ಲಿ ಹಿಂದಿರುಗಿಸಬೇಕು, ನಗೆಯನ್ನು ತಂದು ನಗೆಯ ಮರೆಯಲ್ಲಿ ಗಂಭೀರಾರ್ಥವನ್ನು ಇಡುವುದು ಹೇಗೆ ಎಂಬ ವಿದ್ಯೆ ಯಾವ ಅಲಂಕಾರಗ್ರಂಥದಿಂದಲೂ ಬರುವುದಿಲ್ಲ. ಶರೀಫರ ಪದಗಳಲ್ಲಿ ಕಾಣುವ ಸಂವಾದದ ಧಾಟಿಯನ್ನೂ, ಎದುರಿಗಿರುವ ತಂಗಿಯನ್ನೋ ಮುದುಕಿಯನ್ನೋ ಸಂಬೋಧಿಸಿ ಗದರಿಸುವ ರೀತಿಯನ್ನೂ ನೋಡಿದರೆ, ಈ ಅಭ್ಯಾಸದ ಫಲವು ಸ್ಪಷ್ಟವಾಗಿ ಗೋಚರಿಸುತ್ತದೆ. ಮೊಹರಮ್ಮಿನ ಸಮಯದಲ್ಲಿ ಹಾಡುವ ಕರ್ಬಲಾ ಕಥೆಯ ಪದಗಳನ್ನೂ ಅವರು ರಚಿಸಿದರು. ಹೀಗೆ ಹಬ್ಬಕ್ಕೊಂದು, ಸಭೆಗೊಂದು ಧಾಟಿಯು ಅವರಿಗೆ ವಶವಾಗಿದ್ದಿತು.

೩. ಗುರುಲಾಭ

ಕಳಸದ ಗೋವಿಂದಭಟ್ಟರು ಸ್ಮಾರ್ತ ಬ್ರಾಹ್ಮಣರು, ದೇವಿಯ ಉಪಾಸಕರು, ಲೋಕದ ಕಟ್ಟುಪಾಡುಗಳನ್ನು ಲೆಕ್ಕಿಸದವರು. ಬಾಲಕನನ್ನು ಕಂಡು ನಿನ್ನ ತಂದೆ ಯಾರೆಂದು ಭಟ್ಟರು ಕೇಳಲು, ನಿಮ್ಮ ತಂದೆಯೇ ನನ್ನ ತಂದೆ ಎಂಬರ್ಥದ ಉತ್ತರ ಬಂದಿತೆಂದೂ, ಭಟ್ಟರು ಅದರಿಂದ ಸಂತುಷ್ಟರಾಗಿ ಶಿಷ್ಯನನ್ನಾಗಿ ಅಂಗೀಕರಿಸಿದರೆಂದೂ ಐತಿಹ್ಯ. ಶಿಷ್ಯನಿಗೆ ಜನಿವಾರವನ್ನು ಹಾಕಿದರೆಂಬ ಕಥೆಯೂ ಪ್ರಸಿದ್ಧವಾಗಿದೆ. ಇವುಗಳ ವಿವರಗಳು ಹೇಗೇ ಇರಲಿ, ಗುರುಶಿಷ್ಯಸಂಬಂಧದಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಗುರು ಗೋವಿಂದನ ನಾಮವು ಪದಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಈ ಸಂಬಂಧಕ್ಕೆ ಇಬ್ಬರೂ ಬೆಲೆಯನ್ನು ತೆತ್ತರು. ಭಟ್ಟರ ಕಡೆಯವರು ಭಟ್ಟರನ್ನು ದೂಷಿಸಿದರು. ಶರೀಫರ ಕಡೆಯವರು ಶರೀಫರನ್ನು ದೂಷಿಸಿದರು. ಕುಂದಗೋಳದ ಫಾತಿಮಾ ಎಂಬವರೊಡನೆ ಶರೀಫರಿಗೆ ವಿವಾಹವಾಗಿದ್ದಿತು. ಹುಟ್ಟಿದ ಹೆಣ್ಣುಮಗುವೂ ಪತ್ನಿಯೂ ತೀರಿಕೊಂಡ ಮೇಲೆ ಅವರನ್ನು ಒಂದು ಮನೆಗೆ ಕಟ್ಟಿಹಾಕುವ ಬಂಧನವು ಉಳಿಯಲಿಲ್ಲ. ಉದ್ಯೋಗವನ್ನು ಅದಾಗಲೇ ಬಿಟ್ಟಿದ್ದರು. ಗರಗದ ಮಡಿವಾಳಪ್ಪ, ನವಲಗುಂದದ ನಾಗಲಿಂಗಸ್ವಾಮಿ, ಹುಬ್ಬಳ್ಳಿಯ ಸಿದ್ಧಾರೂಢರು ಮೊದಲಾದ ಸಮಕಾಲೀನರ ಸಂಗದಲ್ಲಿ ಅವರ ಉತ್ತರಜೀವನವು ಕಳೆಯಿತು.

೪. ಸ್ವಾತಂತ್ರ್ಯದ ಲಾಭ

ಇಲ್ಲಿ ಒಂದು ತುಲನೆ ಆವಶ್ಯಕ. ಶರೀಫರಿಗಿಂತ ಸ್ವಲ್ಪ ಹಿರಿಯರಾದ ಸರ್ಪಭೂಷಣ ಶಿವಯೋಗಿಗಳು (೧೭೯೫–೧೮೩೯) ಕೈವಲ್ಯಕಲ್ಪವಲ್ಲರಿಯ ಕರ್ತೃಗಳು. ಅವರು ಬೆಂಗಳೂರಿನ ಮಠದ ಅಧಿಪತಿಗಳು. ಅವರ ಸ್ವರವಚನಗಳು ಗ್ರಂಥರೂಪವನ್ನು ಪಡೆದುವು, ಮಠವು ಅವುಗಳನ್ನು ಕಾಪಾಡಿತು. ಭಾಷೆಯೂ ಶಾಸ್ತ್ರಪರಿಭಾಷೆಯಿಂದ ಕೂಡಿ ಪ್ರೌಢವಾಗಿದೆ. ಶರೀಫರ ಸ್ಥಿತಿ ಇದಕ್ಕೆ ತೀರ ಭಿನ್ನವಾದುದು. ಇವರ ಪದಕ್ಕೆ ಪ್ರಮಾಣವನ್ನು ಕೊಡತಕ್ಕವರು ಎದುರಿಗೆ ಕುಳಿತ ಕೇಳುಗರು ಮಾತ್ರ. ಅವರಲ್ಲಿ ಒಕ್ಕಲಿಗನೂ ನೇಕಾರನೂ ಇದ್ದರು. ಶೈವನೂ ವೈಷ್ಣವನೂ ಮುಸಲ್ಮಾನನೂ ಇದ್ದರು. ಎಲ್ಲರಿಗೂ ಸಮಾನವಾದ ಪುರಾಣವಿಲ್ಲದಿದ್ದರೂ ಎಲ್ಲರಿಗೂ ಸಮಾನವಾದ ಮನೆಯಿದ್ದಿತು, ಮಳೆಯಿದ್ದಿತು, ಸಂತೆಯಿದ್ದಿತು. ಆದುದರಿಂದ ಶರೀಫರು ತಮ್ಮ ರೂಪಕಗಳನ್ನು ಅಲ್ಲಿಂದಲೇ ತೆಗೆದುಕೊಂಡರು. ಸೋರುವ ಮಾಳಿಗೆಯನ್ನು ದೇಹಕ್ಕೂ ಅಜ್ಞಾನಕ್ಕೂ ಹೊಂದಿಸಿದರು. ಶ್ರುತಿ ತಿಳಿಯದವನ ಕೈಯ ತಂಬೂರಿಯನ್ನು ಸಾಧನೆಯಿಲ್ಲದ ಬಾಳಿಗೆ ಹೋಲಿಸಿದರು. ಹೊಸದಾಗಿ ಬಂದ ಗಿರಣಿಯಂತ್ರವನ್ನೂ ಬಿಡದೆ ಅದರಲ್ಲಿ ಶರೀರಯಂತ್ರವನ್ನು ಕಂಡರು. ಚಿಕ್ಕದು ದೊಡ್ಡದನ್ನು ನುಂಗುವ ಅವರ ವಿಪರೀತೋಕ್ತಿಗಳು ಅಲ್ಲಮನ ಬೆಡಗಿನ ವಚನಗಳ ಸಂತತಿಯವು. ಆದರೆ ಅಲ್ಲಮನಲ್ಲಿ ಬೆರಗನ್ನು ಹುಟ್ಟಿಸುವ ಬೆಡಗು ಇಲ್ಲಿ ಮಕ್ಕಳನ್ನೂ ನಗಿಸುತ್ತದೆ.

ಅಂಕಿತದ ವಿಷಯವೂ ವಿಚಾರಾರ್ಹ. ಶರೀಫರು ಪದದ ಕೊನೆಯಲ್ಲಿ ಇಡುವುದು ಶಿಶುನಾಳಾಧೀಶನ ಹೆಸರು. ಅಂದರೆ ಊರೊಡೆಯನಾದ ಬಸವೇಶ್ವರನದು. ಮುಸಲ್ಮಾನ ತಂದೆಯ ಮಗನೂ ಬ್ರಾಹ್ಮಣ ಗುರುವಿನ ಶಿಷ್ಯನೂ ಆದ ಕವಿಯು ಲಿಂಗವಂತರ ದೇವರಿಂದ ತನ್ನ ಮುದ್ರೆಯನ್ನು ಪಡೆದನು. ಮತಭೇದವನ್ನು ಖಂಡಿಸುವ ವಾದಕ್ಕಿಂತ ಈ ಒಂದು ಶಬ್ದವು ಹೆಚ್ಚು ಮಾತನಾಡುತ್ತದೆಯೆಂದು ನನ್ನ ಅಭಿಪ್ರಾಯ.

೫. ಸ್ವಾತಂತ್ರ್ಯದ ಹಾನಿ

ಆದರೆ ಮಠವಿಲ್ಲದವನಿಗೆ ಗ್ರಂಥಭಂಡಾರವೂ ಇಲ್ಲ. ಶರೀಫರ ಪದಗಳು ಮುಖ್ಯವಾಗಿ ಹಾಡುಗಾರರ ನೆನಪಿನಲ್ಲಿ ಉಳಿದುವು. ಸಂಗ್ರಾಹಕರು ಬಾಯಿಂದ ಕೇಳಿ ಬರೆದುಕೊಂಡುದು ತರುವಾಯ. ಹೀಗಾಗಿ ಊರಿಗೊಂದು ಪಾಠ, ನುಡಿಗಳ ಸಂಖ್ಯೆಯಲ್ಲಿ ಹೆಚ್ಚುಕಡಮೆ, ಅಂಕಿತದ ಅನುಕರಣ ಮೊದಲಾದ ತೊಡಕುಗಳು ಬಂದುವು. ಇವು ಸಹಜವಾದವು. ಸಹಜವಲ್ಲದ ಮತ್ತೊಂದು ಹಾನಿಯನ್ನು ನಾವು, ಎಂದರೆ ಪಂಡಿತರು, ಮಾಡಿದ್ದೇವೆ.

ಈ ಆರೋಪವನ್ನು ಮೊದಲು ನನ್ನ ಮೇಲೆಯೇ ಹೊರಿಸಿಕೊಳ್ಳುತ್ತೇನೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಪಾಠಶಾಲೆಯನ್ನು ಬಿಟ್ಟ ಹೊಸದರಲ್ಲಿ, ವೃದ್ಧ ಹಾಡುಗಾರನೊಬ್ಬನಿಂದ ಶರೀಫರ ಕೆಲವು ಪದಗಳನ್ನು ಬರೆದುಕೊಂಡೆನು. ಶಬ್ದಮಣಿದರ್ಪಣವನ್ನು ಕಂಠಪಾಠ ಮಾಡಿದ್ದ ಹೆಮ್ಮೆಯಲ್ಲಿ, ‘ಮನಿ’ ಎಂಬಲ್ಲಿ ‘ಮನೆ’ ಎಂದೂ, ‘ಹೋಗ್ಯಾನ’ ಎಂಬಲ್ಲಿ ‘ಹೋಗಿದ್ದಾನೆ’ ಎಂದೂ ತಿದ್ದಿ, ಶುದ್ಧಪ್ರತಿಯನ್ನು ಆತನಿಗೆ ಓದಿ ತೋರಿಸಿದೆನು. ಆತನು ಅದನ್ನು ತಾಳಕ್ಕೆ ಹಚ್ಚಿ ನೋಡಿ, ಇದು ಓದುವುದಕ್ಕೆ ಬರುತ್ತದೆ, ಹಾಡುವುದಕ್ಕೆ ಬರುವುದಿಲ್ಲ ಎಂದು ನಕ್ಕುಬಿಟ್ಟನು. ಮನೆಗೆ ಬಂದು ಮಾತ್ರೆಗಳನ್ನು ಎಣಿಸಿದೆನು. ‘ಹೋಗ್ಯಾನ’ ಎಂಬುದು ಐದು ಮಾತ್ರೆ. ‘ಹೋಗಿದ್ದಾನೆ’ ಎಂಬುದು ಏಳು. ‘ಮನಿ’ಗೂ ‘ಮನೆ’ಗೂ ಮಾತ್ರೆ ಒಂದೇ ಆದರೂ, ಇಕಾರಾಂತವಾದ ಪದಗಳ ಸಾಲಿನಲ್ಲಿ ಎಕಾರವನ್ನು ತಂದೊಡನೆ ಅಂತ್ಯಪ್ರಾಸ ಮುರಿಯಿತು. ವ್ಯಾಕರಣವನ್ನು ಕಲಿಸಿದವರು ನನಗೆ ತಪ್ಪು ಕಲಿಸಿರಲಿಲ್ಲ. ಯಾವ ಭಾಷೆಯ ವ್ಯಾಕರಣವನ್ನು ಯಾವ ಭಾಷೆಯ ಮೇಲೆ ಪ್ರಯೋಗಿಸಬೇಕೆಂಬ ವಿವೇಕ ನನಗೆ ಇರಲಿಲ್ಲ. ಆ ವೃದ್ಧನು ಈಗ ಇಲ್ಲ. ಆತನ ಬಾಯಿಯ ಮೂಲಪಾಠವನ್ನು ನಾನು ಪ್ರತ್ಯೇಕವಾಗಿ ಉಳಿಸಿಕೊಳ್ಳಲಿಲ್ಲ; ನನ್ನಲ್ಲಿರುವುದು ತಿದ್ದಿದ ಪ್ರತಿ ಮಾತ್ರ.

ಈ ಅನುಭವದಿಂದ ಕಲಿತ ಕೆಲವು ನಿಯಮಗಳನ್ನು ಸಂಗ್ರಾಹಕರ ಮುಂದಿಡುತ್ತೇನೆ. ಮೊದಲನೆಯದಾಗಿ, ಅಂಕಿತವಿದ್ದ ಮಾತ್ರಕ್ಕೆ ಪದವು ಶರೀಫರದೆಂದು ನಿರ್ಣಯಿಸಲಾಗದು. ಎರಡನೆಯದಾಗಿ, ಗ್ರಾಂಥಿಕರೂಪವೂ ದೇಶ್ಯರೂಪವೂ ಎದುರುಬದುರಾದಾಗ ದೇಶ್ಯರೂಪಕ್ಕೇ ಪ್ರಾಮಾಣ್ಯವನ್ನು ಕೊಡಬೇಕು. ದೇಶ್ಯವನ್ನು ಗ್ರಾಂಥಿಕವಾಗಿ ತಿದ್ದುವವರು ಹಲವರು, ಗ್ರಾಂಥಿಕವನ್ನು ದೇಶ್ಯವಾಗಿ ತಿದ್ದುವವರು ವಿರಳ. ಮೂರನೆಯದಾಗಿ, ಪಾಠವನ್ನು ತಾಳದಲ್ಲಿ ಹಾಡಿಸಿ ನೋಡದೆ ಅಂಗೀಕರಿಸಲಾಗದು. ಕೊನೆಯದಾಗಿ, ಕೇಳಿದುದನ್ನು ಕೇಳಿದಂತೆಯೇ ಒಂದು ಪ್ರತಿಯಲ್ಲಿ ಉಳಿಸಿ, ವಿಮರ್ಶೆಯನ್ನು ಬೇರೆಯ ಪ್ರತಿಯಲ್ಲಿ ಮಾಡಬೇಕು.

೬. ಉಪಸಂಹಾರ

ಶರೀಫರು ೧೮೮೯ರಲ್ಲಿ ದೇಹವನ್ನು ಬಿಟ್ಟಾಗ ಎರಡು ಧರ್ಮಗಳವರೂ ತಮ್ಮ ತಮ್ಮ ವಿಧಿಯಂತೆ ಅಂತ್ಯಕ್ರಿಯೆಯನ್ನು ನಡೆಸಿದರೆನ್ನುತ್ತಾರೆ. ಅವರ ಗದ್ದುಗೆಗೆ ಈಗಲೂ ಉಭಯರೂ ನಡೆದುಕೊಳ್ಳುತ್ತಾರೆ. ಅನಂತರದ ಕಾಲದಲ್ಲಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರ ಪ್ರಯತ್ನದಿಂದಲೂ ಸಿ. ಅಶ್ವತ್ಥರ ಗಾಯನದಿಂದಲೂ, ೧೯೯೦ರಲ್ಲಿ ಟಿ. ಎಸ್. ನಾಗಾಭರಣರು ನಿರ್ದೇಶಿಸಿದ ಚಲನಚಿತ್ರದಿಂದಲೂ ಅವರ ಪದಗಳು ನಾಡಿನ ಎಲ್ಲ ಭಾಗಗಳಿಗೂ ಹರಡಿದುವು. ಇದು ಸಂತೋಷದ ಸಂಗತಿ. ಆದರೆ ಧ್ವನಿಮುದ್ರಿಕೆಯ ಪಾಠವೊಂದೇ ಎಲ್ಲರ ಪಾಠವಾಗುತ್ತ ಬಂದಂತೆ ಊರೂರ ಪಾಠಗಳು ಮರೆಯಾಗುವ ಭಯವೂ ಉಂಟು.

ಅಧ್ಯಾಪಕ ಮಹಾಶಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ. ಶರೀಫರ ಪದವನ್ನು ತರಗತಿಯಲ್ಲಿ ಬೋಧಿಸುವಾಗ ಪುಸ್ತಕದ ಪಾಠವನ್ನು ಓದಿಸುವುದಕ್ಕೆ ಮುಂಚೆ, ಧಾರವಾಡ ಸೀಮೆಯ ನುಡಿಯನ್ನಾಡುವ ವಿದ್ಯಾರ್ಥಿಯೊಬ್ಬನು ಇದ್ದರೆ, ಅವನ ಮನೆಯಲ್ಲಿ ಆ ಪದವನ್ನು ಹೇಗೆ ಹಾಡುತ್ತಾರೆಂದು ಕೇಳಬೇಕು. ಅವನು ಹೇಳಿದುದನ್ನು ತಿದ್ದದೆ ಬರೆದುಕೊಳ್ಳಬೇಕು. ಸಂಬಳದ ಉಪಾಧ್ಯಾಯವೃತ್ತಿಯನ್ನು ಬಿಟ್ಟು ಹಾಡಲು ಹೊರಟ ಆ ಹಿರಿಯ ಉಪಾಧ್ಯಾಯರಿಗೆ ನಾವು ಸಲ್ಲಿಸಬಹುದಾದ ಋಣದಲ್ಲಿ ಇದೂ ಒಂದು ಭಾಗ.