ಆಲೂಗಡ್ಡೆಯ ಕಾಡಿಗೆ ರೋಗ

ಆಲೂಗಡ್ಡೆಯ ಕಾಡಿಗೆ ರೋಗವು ಥೆಕಾಫೋರಾ ಸೊಲಾನಿ ಎಂಬ ಶಿಲೀಂಧ್ರದಿಂದ ಬರುತ್ತದೆ. ಕೋಲಾರದ ರಾಗಿ ಸೀಮೆಯಲ್ಲಿ ಕಾಡಿಗೆ ಎಂದರೆ ತೆನೆಯೊಳಗೆ ಕಾಳಿನ ಜಾಗದಲ್ಲಿ ತುಂಬಿಕೊಳ್ಳುವ ಕರಿಪುಡಿ. ಆಲೂಗಡ್ಡೆಯಲ್ಲಿ ಅದು ಮಣ್ಣಿನಡಿಯ ವ್ಯವಹಾರ. ಪುಡಿಯ ಬಣ್ಣವೂ ಕಾಡಿಗೆಯದಲ್ಲ, ಕಾಫಿಪುಡಿಯದು.

ಗಿಡ ಮೇಲೆ ಹಸಿರಾಗಿಯೇ ಇರುತ್ತದೆ. ಕೀಳುವಾಗಲೇ ಗೊತ್ತಾಗುವುದು: ಗಡ್ಡೆ ಗಂಟುಗಂಟಾಗಿ ಸೊಟ್ಟಗಿರುತ್ತದೆ, ಮಣ್ಣಿನೊಳಗಿನ ಕಾಂಡದ ಮೇಲೂ ಗಂಟುಗಳೆದ್ದಿರುತ್ತವೆ. ಗಡ್ಡೆಯನ್ನು ಕತ್ತರಿಸಿದರೆ ತಿರುಳಿನಲ್ಲಿ ಕಂದು ಚುಕ್ಕೆಗಳು. ಅವು ಬೀಜಕಗಳು ತುಂಬಿದ ಸಣ್ಣ ಗೂಡುಗಳು. ಕೊನೆಗೆ ಗಡ್ಡೆ ಒಣಗಿ ಪುಡಿಯಾಗುತ್ತದೆ. ಬೀಜಕಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುವುದರಿಂದ ಎಲೆಗೆ ಔಷಧಿ ಹೊಡೆದು ಫಲವಿಲ್ಲ.

ಈ ರೋಗದ ತವರು ದಕ್ಷಿಣ ಅಮೆರಿಕದ ಆಂಡಿಸ್ ಸೀಮೆ. ವೆನೆಜುವೆಲಾದ ಗಡ್ಡೆಗಳಿಂದ 1940ರ ದಶಕದಲ್ಲಿ ಸಸ್ಯರೋಗ ತಜ್ಞ ಬ್ಯಾರಸ್ ಇದನ್ನು ವರ್ಣಿಸಿದರು. ಲ್ಯಾಟಿನ್ ವಿವರಣೆ ಇಲ್ಲದ ಕಾರಣ ಆ ಹೆಸರು ನಿಯಮದ ಪ್ರಕಾರ ನಿಲ್ಲಲಿಲ್ಲ. ಅದನ್ನು ಸರಿಪಡಿಸಿದವರಲ್ಲಿ ಒಬ್ಬರು ನಮ್ಮವರು: ಮಂಡಯಂ ಜೀರ್ಸನ್ನಿಧಿ ತಿರುಮಲಾಚಾರ್ (1914–1999). 1946ರಲ್ಲಿ ಶಿಲೀಂಧ್ರ ತಜ್ಞ ಮುಂಡ್ಕೂರರ ಜೊತೆ ರಾಗಿ ಕಾಡಿಗೆಯ ಶಿಲೀಂಧ್ರಕ್ಕೆ ಇಂದಿನ ವೈಜ್ಞಾನಿಕ ಹೆಸರು ಕೊಟ್ಟವರು, ಮುಂದೆ ಹಿಂದೂಸ್ತಾನ್ ಆಂಟಿಬಯೋಟಿಕ್ಸ್‌ನಲ್ಲಿ ಹ್ಯಾಮೈಸಿನ್ ಔಷಧಿಗೆ ಕಾರಣರಾದವರು ಇವರೇ. 1970ರ ದಶಕದಲ್ಲಿ ಓಬ್ರಿಯನ್ ಜೊತೆ ಸೇರಿ ಆಲೂಗಡ್ಡೆಯ ಶಿಲೀಂಧ್ರವನ್ನು ಆಂಜಿಯೊಸೋರಸ್ ಸೊಲಾನಿ ಎಂದು ಕರೆದರು. 1988ರಲ್ಲಿ ಮಾರ್ಡ್ಯೂ ಅದನ್ನು ಮತ್ತೆ ಥೆಕಾಫೋರಾಕ್ಕೆ ಸೇರಿಸಿದರೂ ಪೂರ್ಣ ಹೆಸರಿನ ಬಾಲದಲ್ಲಿ ತಿರುಮಲಾಚಾರರ ಹೆಸರು ಉಳಿದಿದೆ. ರೋಗ ಕಾಣದ ನಾಡಿನವರ ಸಹಿ ರೋಗದ ಮೇಲಿರುವುದು ಒಂದು ಸೋಜಿಗ.

ಮೊದಲು ಎತ್ತರದ ತಂಪು ಹೊಲಗಳ ಕಾಯಿಲೆ ಎನಿಸಿದ್ದ ಇದು ಆಮೇಲೆ ಪೆರುವಿನ ಬಿಸಿ ಕರಾವಳಿಗೂ ಇಳಿಯಿತು. ಹಾಗಾಗಿ ನಮ್ಮ ಬಯಲುಸೀಮೆಗೆ ಹವೆಯೇ ರಕ್ಷಣೆ ಎನ್ನಲಾಗದು. ಉಮ್ಮತ್ತಿಯ ಒಂದು ಜಾತಿಯಲ್ಲೂ ಈ ಶಿಲೀಂಧ್ರ ಬೆಳೆಯುತ್ತದೆ. ಹಾಸನದ ರೈತರು ಬಿತ್ತನೆಗಡ್ಡೆಗೆ ದೂರದ ಪಂಜಾಬನ್ನು ನೆಚ್ಚಿದ್ದಾರೆ. ಇಂಥ ರೋಗ ಸಂಚರಿಸುವುದೂ ಬಿತ್ತನೆಗಡ್ಡೆಯ ಜೊತೆಗೇ. ಶುದ್ಧ ಬೀಜ, ದೀರ್ಘ ಬೆಳೆ ಸರದಿ, ನಿರೋಧಕ ತಳಿ, ಉಮ್ಮತ್ತಿ ಕೀಳುವುದು, ಇಷ್ಟೇ ಉಪಾಯ.

ಡಾರ್ಜಿಲಿಂಗ್‌ನಲ್ಲಿ 1950ರ ದಶಕದಲ್ಲಿ ಕಾಣಿಸಿಕೊಂಡ ಆಲೂಗಡ್ಡೆಯ ನರುಲಿ ರೋಗವನ್ನು ಕಾಡಿಗೆ ರೋಗದೊಂದಿಗೆ ಬೆರೆಸಬಾರದು. ನರುಲಿ ಹೂಕೋಸಿನಂತೆ ಹೊರಗೆ ಉಬ್ಬುತ್ತದೆ, ಒಳಗೆ ಕಂದುಪುಡಿ ಇರುವುದಿಲ್ಲ.