ಹೊರಗೆ ಬಿಟ್ಟ ಜೋಡು, ತಲೆಯ ಮೇಲಿನ ಪಾದುಕೆ

ಶ್ರಾವಣ ಮಾಸ ಬಂತೆಂದರೆ ಉರುಕುಂದ ಈರಣ್ಣ ಸ್ವಾಮಿಯ ಸನ್ನಿಧಿಗೆ ಆದವಾನಿ, ಕೌತಾಳಂ, ಮಂತ್ರಾಲಯದ ಕಡೆಯಿಂದಲೂ ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದಲೂ ಭಕ್ತಸಮೂಹ ಹರಿದು ಬರುತ್ತದೆ. ಬಂದವರು ಬಡವರಿರಲಿ, ಬಲ್ಲಿದರಿರಲಿ, ಒಳಗೆ ಕಾಲಿಡುವ ಮೊದಲು ಮಾಡುವ ಕೆಲಸ ಒಂದೇ: ಪಾದರಕ್ಷೆ ಕಳಚುವುದು. ಹೀಗೆ ನಾವು ಹೊರಗೆ ಬಿಟ್ಟು ಮರೆಯುವ ಈ ವಸ್ತುವಿಗೂ ಒಂದು ದೊಡ್ಡ ಚರಿತ್ರೆಯಿದೆ. ಅದನ್ನು ಭಕ್ತಾದಿಗಳ ಮುಂದಿಡುವುದೇ ಈ ಕಿರುಲೇಖನದ ಉದ್ದೇಶ.

1953ರಲ್ಲಿ ಆದವಾನಿ ತಾಲ್ಲೂಕು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿತು. ಆದರೂ ಈ ಸೀಮೆಯಲ್ಲಿ ಎರಡು ಭಾಷೆಗಳ ನಂಟು ಬಿಡಲಿಲ್ಲ. ಕನ್ನಡದ ಚಪ್ಪಲಿ ತೆಲುಗಿನಲ್ಲಿ ಚೆಪ್ಪುಲು. ಕೆರ, ಮೆಟ್ಟು, ಜೋಡು, ಎಕ್ಕಡ, ಹಾವುಗೆ, ಪಾದುಕೆ ಎಂದು ನಮ್ಮ ನುಡಿಯಲ್ಲಿ ಇದಕ್ಕೆ ಎಷ್ಟೊಂದು ಹೆಸರು! ಮುಳ್ಳು, ಕಲ್ಲು, ಬೇಸಿಗೆಯ ಕಾದ ನೆಲದ ಮೇಲೆ ನಡೆದ ರೈತನಿಗೂ ಕುರಿಗಾಹಿಗೂ ಇದರ ಬೆಲೆ ಚೆನ್ನಾಗಿ ಗೊತ್ತು.

ಲೋಕದಲ್ಲಿ ಇದುವರೆಗೆ ದೊರೆತ ಪಾದರಕ್ಷೆಗಳಲ್ಲಿ ಅತಿ ಹಳೆಯವು ಅಮೆರಿಕದ ಒರೆಗಾನ್ ಪ್ರಾಂತದ ಒಂದು ಗುಹೆಯಲ್ಲಿ 1938ರಲ್ಲಿ ಸಿಕ್ಕಿದ ಚಪ್ಪಲಿಗಳು. ಒಂದು ಬಗೆಯ ಕುರುಚಲು ಗಿಡದ ತೊಗಟೆಯನ್ನು ಹೊಸೆದು ಹೆಣೆದ ಅವು 9,000 ವರ್ಷಕ್ಕೂ ಹಿಂದಿನವು. ಈಜಿಪ್ಟಿನಲ್ಲಿ 1922ರಲ್ಲಿ ಪತ್ತೆಯಾದ ತುತಾಂಖಾಮೆನ್ ಅರಸನ ಸಮಾಧಿಯಲ್ಲಿ ಹತ್ತಾರು ಬಗೆಯ ಪಾದರಕ್ಷೆಗಳಿದ್ದವು. ಒಂದು ಜೊತೆಯ ಅಟ್ಟೆಯ ಮೇಲೆ ಶತ್ರುಗಳ ಚಿತ್ರ ಬರೆಯಲಾಗಿತ್ತು, ಅರಸನು ಹೆಜ್ಜೆ ಹೆಜ್ಜೆಗೂ ವೈರಿಗಳನ್ನು ತುಳಿಯಲೆಂದು! ರೋಮನ್ ಸೈನಿಕರು ಅಟ್ಟೆಗೆ ಕಬ್ಬಿಣದ ಮೊಳೆ ಹೊಡೆದ ಕೆರಗಳನ್ನು ಮೆಟ್ಟಿ ದೇಶ ದೇಶಗಳನ್ನು ಸುತ್ತಿದರು. ಜಪಾನೀಯರು ಹುಲ್ಲಿನಿಂದ ಹೆಣೆದರು, ಮರದಿಂದಲೂ ಮಾಡಿದರು. ಹೆಬ್ಬೆರಳ ಸಂದಿಗೆ ಪಟ್ಟಿ ಬರುವ ಅವರ ಜೋರಿ ಎಂಬ ಚಪ್ಪಲಿಯ ಮಾದರಿಯೇ ಎರಡನೆಯ ಮಹಾಯುದ್ಧದ ನಂತರ ರಬ್ಬರಿನಲ್ಲಿ ಜಗತ್ತನ್ನೆಲ್ಲ ಸುತ್ತಿ, ನಮ್ಮ ಹಳ್ಳಿಗೂ ಹವಾಯಿ ಚಪ್ಪಲಿಯಾಗಿ ಬಂತು.

ಬೇರೆ ದೇಶಗಳಲ್ಲಿ ಪಾದರಕ್ಷೆ ಅಧಿಕಾರದ ಗುರುತಾದರೆ ನಮ್ಮಲ್ಲಿ ಅದು ಶರಣಾಗತಿಯ ಗುರುತೂ ಆಯಿತು. ಭರತನು ಅಣ್ಣನ ಪಾದುಕೆಗಳನ್ನು ತಲೆಯ ಮೇಲೆ ಹೊತ್ತು ತಂದು, ನಂದಿಗ್ರಾಮದಲ್ಲಿ 14 ವರ್ಷ ಅವುಗಳ ಹೆಸರಿನಲ್ಲಿ ರಾಜ್ಯವಾಳಿದ ಕಥೆ ಮಕ್ಕಳಿಗೂ ಗೊತ್ತು. ವೇದಾಂತ ದೇಶಿಕರು ಶ್ರೀರಂಗನಾಥನ ಪಾದುಕೆಯೊಂದನ್ನೇ ಕುರಿತು 1008 ಶ್ಲೋಕಗಳ ಪಾದುಕಾ ಸಹಸ್ರವನ್ನು ರಚಿಸಿದರು. ವೈಷ್ಣವ ದೇವಾಲಯಗಳಲ್ಲಿ ಅರ್ಚಕರು ನಮ್ಮ ತಲೆಯ ಮೇಲಿಡುವ ಶಠಗೋಪವೂ ಭಗವಂತನ ಪಾದುಕೆಯೇ. ತಿರುಪತಿ ಬೆಟ್ಟದ ಬುಡದಲ್ಲಿರುವ ಅಲಿಪಿರಿಯಲ್ಲಿ ಭಕ್ತರು ಸ್ವಾಮಿಯ ಪಾದುಕೆಗಳನ್ನು ತಲೆಯ ಮೇಲಿಟ್ಟುಕೊಂಡು ಸೇವೆ ಸಲ್ಲಿಸುತ್ತಾರೆ. ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಗೋಳಾ ಗ್ರಾಮದ ಲಕ್ಕಮ್ಮ ದೇವಿಯ ಜಾತ್ರೆಯಲ್ಲಂತೂ ಭಕ್ತರು ಹರಕೆಯೆಂದು ಚಪ್ಪಲಿಗಳನ್ನೇ ಕಟ್ಟುತ್ತಾರೆ.

ಪಾದುಕೆಗೆ ಇಷ್ಟು ಗೌರವ ಕೊಟ್ಟ ಸಮಾಜ ಅದನ್ನು ಮಾಡಿದ ಕೈಗಳಿಗೆ ಎಂಥ ಗೌರವ ಕೊಟ್ಟಿತು? ಈ ಪ್ರಶ್ನೆಯನ್ನು ಚರಿತ್ರೆ ನಮ್ಮ ಮುಂದಿಡುತ್ತದೆ. ತೊಗಲು ಹದಮಾಡಿ ಊರಿಗೆಲ್ಲ ಕೆರ ಹೊಲಿದುಕೊಟ್ಟವರು ಊರ ಹೊರಗೆ ಬಾಳಬೇಕಾಯಿತು. ಎಷ್ಟೋ ಊರುಗಳಲ್ಲಿ ಮೇಲಿನವರ ಕೇರಿಯಲ್ಲಿ ಹಾಯುವಾಗ ಅವರು ತಾವೇ ಹೊಲಿದ ಚಪ್ಪಲಿಯನ್ನು ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ದೇವಾಲಯದ ಬಾಗಿಲೂ ಅವರಿಗೆ ಮುಚ್ಚಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿತು. ಆದರೆ ಕಾನೂನು ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ.

ಈ ಪ್ರಶ್ನೆಗೆ 12ನೆಯ ಶತಮಾನದ ಕಲ್ಯಾಣದಲ್ಲಿ ಒಂದು ಉತ್ತರ ದೊರೆತಿತ್ತು. ಸಮಗಾರ ಹರಳಯ್ಯನವರು ಒಮ್ಮೆ ಬಸವಣ್ಣನವರಿಗೆ ಶರಣು ಎಂದರಂತೆ. ಬಸವಣ್ಣನವರು ಮರಳಿ ಶರಣು ಶರಣಾರ್ಥಿ ಎಂದರು. ಒಂದಕ್ಕೆ ಎರಡಾಗಿ ಬಂದ ಆ ಶರಣಿನ ಋಣ ತೀರಿಸಲು ಹರಳಯ್ಯನವರೂ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಹೊಲಿದರು. ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದು ಶರಣರ ಚರಿತ್ರೆಗಳು ಸಾರುತ್ತವೆ. ಮುಂದೆ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಶರಣ ಮಧುವರಸರ ಮಗಳಿಗೂ ವಿವಾಹವಾದಾಗ ಕಲ್ಯಾಣವೇ ಹೊತ್ತಿ ಉರಿಯಿತು. ಇಬ್ಬರು ತಂದೆಯರಿಗೂ ಮರಣದಂಡನೆಯಾಯಿತು. ಚಮ್ಮಾವುಗೆಯನ್ನು ತಲೆಯ ಮೇಲಿಡುವುದನ್ನು ಕಥೆಯಾಗಿ ಕೇಳುವುದು ಸುಲಭ, ಹೊಲಿದವನನ್ನು ಬೀಗನೆಂದು ಒಪ್ಪುವುದು ಕಷ್ಟ.

ಆ ಕಸುಬು ಇಂದಿಗೂ ಬದುಕಿದೆ. ಬೆಳಗಾವಿ ಜಿಲ್ಲೆಯ ಅಥಣಿ ಮೊದಲಾದ ಕಡೆ ಜಾಲಿ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲಿನಲ್ಲಿ ಕೊಲ್ಹಾಪುರಿ ಚಪ್ಪಲಿ ಮಾಡುತ್ತಾರೆ. ಕರ್ನಾಟಕದ 4 ಮತ್ತು ಮಹಾರಾಷ್ಟ್ರದ 4 ಜಿಲ್ಲೆಗಳ ಈ ಕೈಕೆಲಸಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ತೋರಿಸಿತು. ದೇಶದಲ್ಲೆಲ್ಲ ಆಕ್ಷೇಪವೆದ್ದ ಮೇಲೆ ಅದು ಭಾರತದ ಕುಶಲಕರ್ಮಿಗಳ ಋಣವನ್ನು ಒಪ್ಪಿಕೊಂಡಿತು. ಪರದೇಶದವರು ಹೆಸರು ಹೇಳಲಿಲ್ಲವೆಂದು ನೊಂದುಕೊಂಡ ನಾವು, ನಮ್ಮೂರಿನಲ್ಲಿ ಚಪ್ಪಲಿ ಹೊಲಿಯುವವರ ಹೆಸರು ಕೇಳಿದ್ದೇವೆಯೇ?

ಭಗವಂತನ ಪಾದುಕೆಯನ್ನು ಶಿರದಲ್ಲಿ ಧರಿಸುವ ನಾವು, ಉಂಗುಷ್ಠ ಹರಿದ ಜೋಡನ್ನು ಮುಂದೆ ಚಾಚಿದಾಗ ಅದನ್ನು ಹೊಲಿದುಕೊಡುವವರನ್ನು ಅಣ್ಣ ಎಂದು ಕರೆಯೋಣ. ದರ್ಶನ ಮುಗಿಸಿ ಬರುವವರೆಗೆ ನಮ್ಮ ಜೋಡು ಕಾಯುವವರಿಗೆ ಕೂಲಿಯೊಡನೆ ಒಂದು ಒಳ್ಳೆಯ ಮಾತನ್ನೂ ಕೊಡೋಣ. ಪಾದುಕೆಯ ಪೂಜೆ ಸಾರ್ಥಕವಾಗುವುದು ಆಗಲೇ.