ಬಸವಸಾಗರದ ಋಣ

ಆಳಂದ ತಾಲ್ಲೂಕಿನ ಹಿರೋಳ್ಳಿ ನನ್ನ ಊರು. ನೀರನ್ನು ನೆಲದ ಮೇಲೆ ಕಂಡದ್ದಕ್ಕಿಂತ ಮುಗಿಲಿನಲ್ಲಿ ಅರಸಿದ್ದೇ ನಮ್ಮ ಹಿರಿಯರಿಗೆ ಹೆಚ್ಚು. ತೊಗರಿ, ಜೋಳ ಎರಡೂ ಮಳೆಯನ್ನೇ ನಂಬಿದ ಬೆಳೆಗಳು. ಹೀಗಿರಲು, ಜೇವರ್ಗಿ ಸೀಮೆಯಲ್ಲಿ ಒಮ್ಮೆ ಕಾಲುವೆಯ ನೀರನ್ನು ಕಂಡು ನಿಂತಾಗ, ವೃದ್ಧ ರೈತನೊಬ್ಬ “ಇದು ಕೃಷ್ಣೆಯ ನೀರು” ಎಂದ. ನನಗೆ ಅಚ್ಚರಿಯಾಯಿತು. ನಮ್ಮ ಅಮರ್ಜಾ ಗಾಣಗಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುತ್ತದೆ. ಹಾಗಿರುವಾಗ ಭೀಮೆಯ ನಾಡಿಗೆ ಕೃಷ್ಣೆಯೇ ಬಂದುದು ಹೇಗೆ?

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಕೃಷ್ಣೆಯ ನೀರಿನ ಪಾಲಿಗಾಗಿ ಮೂರು ರಾಜ್ಯಗಳ ನಡುವೆ ಎದ್ದ ವಿವಾದವನ್ನು 1969ರಲ್ಲಿ ರಚಿತವಾದ ಬಚಾವತ್ ನ್ಯಾಯಮಂಡಳಿ ವಿಚಾರಿಸಿ, 1973ರಲ್ಲಿ ತೀರ್ಪಿತ್ತಿತು. ಆಲಮಟ್ಟಿಯಲ್ಲಿ ನೀರನ್ನು ಕೂಡಿಡುವುದು, ಕೆಳಗಿನ ನಾರಾಯಣಪುರದಿಂದ ಕಾಲುವೆಗಳಿಗೆ ತಿರುಗಿಸುವುದು, ಇದು ಯೋಜನೆಯ ಸ್ವರೂಪ. ಅಡಿಗಲ್ಲು ಮೊದಲು ಬಿದ್ದುದು ಆಲಮಟ್ಟಿಯಲ್ಲಾದರೂ ಮೊದಲು ಮುಗಿದುದು ನಾರಾಯಣಪುರದ ಕಟ್ಟೆ, ಅದು 1982ರಲ್ಲಿ. ಹತ್ತು ಕಿಲೋಮೀಟರಿಗೂ ಮಿಕ್ಕ ಉದ್ದದ ಆ ಅಣೆಕಟ್ಟಿನ ಎಡದಂಡೆ ಕಾಲುವೆಯ ಒಂದು ಕವಲೇ ಜೇವರ್ಗಿ ಶಾಖಾ ಕಾಲುವೆ. ಆಲಮಟ್ಟಿಯ ಕಟ್ಟೆ ರಾಷ್ಟ್ರಕ್ಕೆ ಸಮರ್ಪಿತವಾದುದು 2006ರಲ್ಲಿ. ಅಡಿಗಲ್ಲಿಟ್ಟ ನಲವತ್ತೆರಡು ವರ್ಷಗಳ ಮೇಲೆ.

ಆದರೆ ಇತಿಹಾಸಕಾರನಿಗೆ ಇಷ್ಟೇ ಸಾಲದು. ನಾರಾಯಣಪುರದ ಜಲಾಶಯಕ್ಕೆ ಬಸವಸಾಗರವೆಂದು ಹೆಸರು. ಅದರ ಹಿನ್ನೀರು ಮಲಪ್ರಭೆ ಕೃಷ್ಣೆಯನ್ನು ಕೂಡುವ ಕೂಡಲಸಂಗಮದವರೆಗೂ ಹಬ್ಬಿದೆ. ವಿದ್ಯಾರ್ಥಿಯಾಗಿದ್ದಾಗ ನಾನು ಅಲ್ಲಿ ಹೊಳೆಯ ದಂಡೆಯಲ್ಲಿ ನಡೆದಾಡಿದ್ದೆ. ಇಂದು ಬಸವಣ್ಣನವರ ಐಕ್ಯಮಂಟಪವನ್ನು ಕಾಣಲು, ಸುತ್ತ ಕಟ್ಟಿದ ಗೋಡೆಯೊಳಗೆ, ಬಾವಿಗೆ ಇಳಿಯುವಂತೆ ಮೆಟ್ಟಿಲಿಳಿಯಬೇಕು. ಆ ಮಂಟಪವನ್ನು ಗೋಡೆ ಕಾಯಿತು. ಎರಡೂ ಜಲಾಶಯಗಳ ಅಂಗಳದಲ್ಲಿದ್ದ ಹಳ್ಳಿಗಳಿಗೆ ಅಂಥ ಗೋಡೆ ದೊರೆಯಲಿಲ್ಲ. ಹಳೆಯ ಬಾಗಲಕೋಟೆಯ ತಗ್ಗಿನ ಬೀದಿಗಳೂ ಆಲಮಟ್ಟಿಯ ಹಿನ್ನೀರಿಗೆ ಸಂದವು, ಎತ್ತರದಲ್ಲಿ ನವನಗರವೆದ್ದಿತು. ಮನೆಗೆ, ಹೊಲಕ್ಕೆ ಪರಿಹಾರವನ್ನು ಲೆಕ್ಕ ಹಾಕಬಹುದು. ಹೊಲದ ಹೆಸರಿಗೆ, ಹಿರಿಯರ ಸಮಾಧಿಗೆ, ನೆರೆಹೊರೆಗೆ ಬೆಲೆ ಕಟ್ಟುವವರು ಯಾರು?

ಅಣೆಕಟ್ಟು ಬೇಡವಾಗಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಬರವನ್ನು ಕಂಡ ಊರಿನವನು ನಾನು. ನೀರು ಪಡೆದವರು ಋಣವನ್ನು ಮರೆಯಬಾರದೆಂಬುದಷ್ಟೇ ನನ್ನ ಮಾತು. ಮೇಲಿನ ಹೊಲದವನು ಅಳತೆ ಮೀರಿ ಹರಿಸಿದರೆ ಅವನ ಎರೆಭೂಮಿ ಜವುಳಾಗಿ ಕೆಡುತ್ತದೆ. ಕೊನೆಯ ಹೊಲ ಒಣಗುತ್ತದೆ. ಆಗ ಮುಳುಗಿದ ಊರುಗಳ ತ್ಯಾಗ ಎರಡು ಸಲ ವ್ಯರ್ಥವಾದಂತೆ. ದಾಸೋಹವನ್ನು ಕಲಿಸಿದವರ ಹೆಸರನ್ನು ಸಾಗರಕ್ಕಿಟ್ಟ ಮೇಲೆ, ಅದರ ನೀರನ್ನು ಹಂಚಿ ಉಣ್ಣುವುದೇ ಆ ಋಣವನ್ನು ತೀರಿಸುವ ಬಗೆ.